ಮೊರೆಯಿಡುವುದು, ಮೊರೆಹೋಗುವುದು

ಕೇಳುಗ ಬಂಧುಗಳೇ, ನಮಸ್ಕಾರ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಉತ್ತರ ಕರ್ನಾಟಕದ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಒಂದು ರಾತ್ರಿಯ ಸಂಗತಿ ಇದು. ಮಕ್ಕಳ ವಾರ್ಡಿನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಮಿದುಳು ಜ್ವರದಿಂದ ತೀರಿಕೊಂಡ. ತಾಯಿ ಹಳ್ಳಿಯವರು, ನಮ್ಮ ಕ್ರೈಸ್ತ ಸಭೆಯವರೇ. ಅವರ ಅಳು ಕೇಳಲಾರದೆ ನಾನು ಹತ್ತಿರ ಹೋಗಿ, "ಅಳಬ್ಯಾಡ್ರಿ ಅಕ್ಕಾ, ದೇವರನ್ನ ಪ್ರೀತಿಸೋರಿಗೆ ಎಲ್ಲಾ ಒಳ್ಳೇದಕ್ಕ ಆಗ್ತದ ಅಂತ ವಾಕ್ಯದಾಗ ಐತಿ" ಅಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು.

ವಾರ್ಡಿನ ಆಯಾ ಬಂದರು. ಓದು ಬರಹ ಕಲಿತವರಲ್ಲ. ನೆಲದ ಮೇಲೆ ಕೂತು ಆ ತಾಯಿಯ ಪಾದದ ಮೇಲೆ ಕೈಯಿಟ್ಟರು. ಬೆಳಗಿನ ಜಾವದವರೆಗೆ ಒಂದು ಮಾತೂ ಆಡಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ನಾನು ಆ ರಾತ್ರಿ ಹೇಳಿದ ವಾಕ್ಯ ಸುಳ್ಳಲ್ಲ. ಬೈಬಲಿನಲ್ಲಿ, ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ, 28ನೇ ವಚನ. ಕ್ರೈಸ್ತರ ಮನೆಗಳಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ವಚನ ಅದು. ಆದರೆ ಆ ಅಧ್ಯಾಯವನ್ನು ನಾನು ಮೇಲಿನಿಂದ ಓದಿಕೊಂಡು ಬಂದಿರಲೇ ಇಲ್ಲ. 22ನೇ ವಚನದಲ್ಲಿ ಇಡೀ ಸೃಷ್ಟಿ ಹೆರಿಗೆ ಬೇನೆಯಲ್ಲಿರುವಂತೆ ನರಳುತ್ತದೆ. 23ರಲ್ಲಿ ನಂಬಿದವರೂ ಒಳಗೊಳಗೇ ನರಳುತ್ತಾರೆ. 26ಕ್ಕೆ ಬಂದರೆ, ಏನೆಂದು ಪ್ರಾರ್ಥಿಸಬೇಕೋ ತಿಳಿಯದೆ ನಿಂತ ನಮ್ಮ ಪರವಾಗಿ ದೇವರ ಆತ್ಮವೇ ಮಾತಿಗೆ ಸಿಗದ ನರಳಾಟದಿಂದ ಬೇಡಿಕೊಳ್ಳುತ್ತದೆ. ಮೂರು ನರಳಾಟಗಳನ್ನು ದಾಟಿದ ಮೇಲೆ ಪೌಲನು 28ಕ್ಕೆ ಬರುತ್ತಾನೆ. ನಾನು ಮೂರನ್ನೂ ಹಾರಿ ನೇರವಾಗಿ ಅಲ್ಲಿಗೆ ಹೋಗಿ ನಿಂತಿದ್ದೆ. ನರಳಾಟವೆಂದರೆ ಏನೆಂದು ದಿನವೂ ಕಿವಿಯಾರೆ ಕೇಳುತ್ತಿದ್ದವಳು ನಾನು!

ಈ ಮಾತು ಬರೆದ ಪೌಲ ಸುಖದಲ್ಲಿ ಕೂತು ಬರೆದವನೂ ಅಲ್ಲ. ಒಂದು ಕಡಿಮೆ ನಲವತ್ತು ಏಟು ಐದು ಸಲ, ಹಡಗು ಒಡೆದದ್ದು ಮೂರು ಸಲ, ಒಂದು ರಾತ್ರಿ ಒಂದು ಹಗಲು ನಡುಸಮುದ್ರದಲ್ಲಿ: ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾನೆ. ಮೈಯಲ್ಲಿ ನಾಟಿದ ಮುಳ್ಳಿನಂಥ ಒಂದು ಬಾಧೆ ತೊಲಗಲಿ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. "ನಂಬಿಕೆ ಗಟ್ಟಿ ಇದ್ದಿದ್ದರೆ ರೋಗ ವಾಸಿಯಾಗುತ್ತಿತ್ತು" ಎಂದು ಹಾಸಿಗೆ ಹಿಡಿದವರ ಮುಂದೆ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಆ ಲೆಕ್ಕದಲ್ಲಿ ಪೌಲನ ನಂಬಿಕೆಯೂ ಸಾಲದೆ ಹೋಯಿತು ಅನ್ನಬೇಕಾಗುತ್ತದೆ. ದಯವಿಟ್ಟು ಆ ಮಾತು ಆಡಬೇಡಿ. ರೋಗಿಗೆ ರೋಗದ ಭಾರವೇ ಸಾಕಷ್ಟಿರುತ್ತದೆ.

ಹುಟ್ಟುಕುರುಡನನ್ನು ಕಂಡು ಶಿಷ್ಯರು ಯೇಸುವನ್ನು ಕೇಳಿದ್ದೂ ಇದನ್ನೇ: ಯಾರು ಮಾಡಿದ ಪಾಪ ಇದು, ಇವನದೋ, ಹೆತ್ತವರದೋ? ಇಬ್ಬರದೂ ಅಲ್ಲ ಎಂದು ಹೇಳಿ ಯೇಸು ಅವನ ಕಣ್ಣಿನ ಕೆಲಸಕ್ಕೆ ತೊಡಗಿದ.

ಬೈಬಲಿನಲ್ಲಿ ಯೋಬನ ಕಥೆ ಇದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನು. ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಎಂಟನೆಯ ದಿನದಿಂದ ಉಪದೇಶ ಶುರುವಾಯಿತು. ಯೋಬನೋ ದೇವರನ್ನೇ ನ್ಯಾಯಕ್ಕೆ ಕರೆದ, ಹುಟ್ಟಿದ ದಿನವನ್ನು ಶಪಿಸಿದ. ಕೊನೆಗೆ ದೇವರು ಬಂದು ಅವನನ್ನು ಪ್ರಶ್ನೆಗಳ ಬಿರುಗಾಳಿಯಲ್ಲಿ ನಿಲ್ಲಿಸಿದ್ದು ನಿಜ. ಆದರೆ ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದ. ದೇವರ ಪಕ್ಷ ವಹಿಸಿದವರು ತಪ್ಪಿತಸ್ಥರಾದರು, ದೇವರೊಡನೆ ಜಗಳಕ್ಕೆ ನಿಂತವನು ಸೇವಕನೆನಿಸಿಕೊಂಡ. ಇದನ್ನು ಓದುವಾಗಲೆಲ್ಲ ಆ ರಾತ್ರಿ ನೆನಪಾಗುತ್ತದೆ. ಆಯಾ ಮೊದಲ ಏಳು ದಿನದವರು, ನಾನು ಎಂಟನೆಯ ದಿನದವಳು.

ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಸ್ತೋತ್ರದಷ್ಟೇ ಗೋಳೂ ಅದರಲ್ಲಿ ತುಂಬಿದೆ. ಸಾಮಾನ್ಯವಾಗಿ ಗೋಳಿನ ಕೀರ್ತನೆ ಎಲ್ಲೋ ಒಂದು ಕಡೆ ಹೊರಳಿ, "ಆದರೂ ನಿನ್ನನ್ನು ಸ್ತುತಿಸುವೆನು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. 88ನೆಯದು ಹಾಗೆ ಹೊರಳುವುದಿಲ್ಲ. ನನ್ನನ್ನು ರಕ್ಷಿಸುವ ದೇವರೇ ಎಂದು ಒಮ್ಮೆ ಕರೆದು, ಹಗಲಿರುಳು ನಿನಗೆ ಮೊರೆಯಿಟ್ಟೆ ಎಂದು ಶುರುವಾಗಿ, ನನ್ನನ್ನೇಕೆ ತಳ್ಳಿಬಿಟ್ಟೆ, ಮುಖವನ್ನೇಕೆ ಮರೆಮಾಡಿದೆ ಎಂದು ಕೇಳುತ್ತಾ ಹೋಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಇದೂ ದೇವರ ವಾಕ್ಯವೇ. ಆರಾಧನೆಯಲ್ಲಿ ಹಾಡುವ ಪುಸ್ತಕದೊಳಗೆ ಇಂಥದ್ದನ್ನು ಉಳಿಸಿಕೊಂಡವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ನಮ್ಮ ಕನ್ನಡದಲ್ಲಿ ಒಂದು ಸೊಗಸಿದೆ. ದುಃಖದಿಂದ ಕೂಗಿಕೊಳ್ಳುವುದಕ್ಕೆ ಮೊರೆಯಿಡುವುದು ಎನ್ನುತ್ತೇವೆ. ಆಶ್ರಯ ಬೇಡಿ ಹೋಗುವುದಕ್ಕೆ ಮೊರೆಹೋಗುವುದು ಎನ್ನುತ್ತೇವೆ. ಎರಡಕ್ಕೂ ನಮ್ಮ ಬಾಯಲ್ಲಿ ಬರುವುದು ಮೊರೆಯೇ. ಯಾರ ಮೇಲೆ ದೂರಿದೆಯೋ ಅವನ ಬಳಿಗೇ ಓಡಿಹೋಗುವುದು. 88ನೇ ಕೀರ್ತನೆ ಮಾಡುವುದು ಅಷ್ಟನ್ನೇ. ಉತ್ತರವಿಲ್ಲ, ಬೆಳಕಿಲ್ಲ, ಆದರೂ ಮಾತು ಮಾತ್ರ ಬೇರೆ ಕಡೆಗೆ ತಿರುಗುವುದಿಲ್ಲ.

ನಮ್ಮ ನುಡಿಯ ಇಂಥ ಪದಗಳನ್ನೆಲ್ಲ ಕೂಡಿಸಿಟ್ಟ ಫರ್ಡಿನೆಂಡ್ ಕಿಟೆಲ್ ಕೂಡ ಇಲ್ಲಿ ದುಃಖ ಉಂಡವರೇ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದವರು, ಮದುವೆಯಾದ ಕೆಲವೇ ವರ್ಷಗಳಲ್ಲಿ, 1864ರಲ್ಲಿ ಹೆಂಡತಿಯನ್ನು ಕಳೆದುಕೊಂಡರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ನಡುವಿನ ಆ ಮೂವತ್ತು ವರ್ಷಗಳನ್ನು ಎಣಿಸಿದರೆ ನನಗೆ ಸಾಕು. ಎಲ್ಲವೂ ಒಳ್ಳೆಯದಕ್ಕೇ ಎಂದು ಅವರಿಗೆ ಹೇಳಲು ನಾನು ಹೋಗುವುದಿಲ್ಲ.

ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಕೈಬಿಟ್ಟವನನ್ನು ಅವನು "ನನ್ನ ದೇವರೇ" ಎಂದು ಎರಡು ಸಲ ಕರೆದ. ಗೆಳೆಯ ಲಾಜರ ಸತ್ತಾಗ, ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸಲಿದ್ದೇನೆಂದು ಗೊತ್ತಿದ್ದರೂ, ಅವನ ಸಹೋದರಿ ಮರಿಯಳ ಅಳುವನ್ನು ಕಂಡು ಯೇಸು ಕಣ್ಣೀರಿಟ್ಟ. ಅಳಬೇಡ, ಈಗ ನೋಡು ಎಂದು ಅವಳ ಬಾಯಿ ಮುಚ್ಚಿಸಲಿಲ್ಲ. ನಂಬಿಕೆಯ ಕಣ್ಣು ಎಂದು ನಾವು ಹೇಳುತ್ತೇವಲ್ಲ, ಅದು ಒಣಗಿದ ಕಣ್ಣೇ ಆಗಿರಬೇಕಿಲ್ಲ ಎಂದು ನಾನು ಕಲಿತದ್ದು ಅಲ್ಲಿ.

ಆ ಬೆಳಿಗ್ಗೆ ಹುಡುಗನ ತಂದೆ ಗಾಡಿ ತರಲು ಹೋದರು. ತಾಯಿ ಎದ್ದು, "ಗುಡಿ ಎಲ್ಲೈತ್ರಿ?" ಅಂತ ನನ್ನನ್ನು ಕೇಳಿದರು. ಆಸ್ಪತ್ರೆಯ ಆವರಣದಲ್ಲಿದ್ದ ಸಣ್ಣ ಚಾಪೆಲ್ಲಿಗೆ ಕರೆದುಕೊಂಡು ಹೋದೆ. ಹಿಂದಿನ ಬೆಂಚಿನಲ್ಲಿ ಕೂತರು. ಕಣ್ಣು ಮುಚ್ಚಲಿಲ್ಲ, ಕೈ ಜೋಡಿಸಲಿಲ್ಲ, ಶಿಲುಬೆಯನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಸಿಸ್ಟರ್, ಇಲ್ಲಿ ಬೈಬಹುದೇನ್ರಿ?"

ನನ್ನ ಬಾಯಿಗೆ ಯಾವ ವಾಕ್ಯವೂ ಬರಲಿಲ್ಲ. "ಬೈರಿ ಅಕ್ಕಾ" ಅಂದೆ. ಬಾಗಿಲು ಮುಂದೆ ಮಾಡಿ, ಯಾರೂ ಒಳಗೆ ಬರದ ಹಾಗೆ ಹೊರಗೆ ನಿಂತುಕೊಂಡೆ.