ಬಾವಿ ಹಗ್ಗದ ಆಟ

ಕೇಳುಗರಿಗೆ ನಮಸ್ಕಾರ.

ಹಗ್ಗದಾಟವೆಂದರೆ ಈಗಿನ ಮಕ್ಕಳಿಗೆ ನೆನಪಾಗುವುದು ಎರಡು ತುದಿಗೂ ಹಿಡಿಯಿರುವ, ಅಂಗಡಿಯಿಂದ ತಂದ ಸ್ಕಿಪ್ಪಿಂಗ್ ಹಗ್ಗ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಆಟಕ್ಕೆಂದೇ ಹಗ್ಗವಿರಲಿಲ್ಲ. ಒಬ್ಬರೇ ಜಿಗಿಯಲು ಕೊಟ್ಟಿಗೆಯ ಗೂಟದಲ್ಲಿದ್ದ ಕರುವಿನ ಕಣ್ಣಿ, ನಾಲ್ಕಾರು ಜನ ಸೇರಿದರೆ ರಾಟೆಯಿಂದ ಇಳಿಸಿದ ಬಾವಿ ಹಗ್ಗ. ಎರಡೂ ಸಿಗದ ದಿನ ಬೇಲಿಯಿಂದ ಎಳೆದು ಎಲೆ ಸವರಿದ ಹಸಿ ಬಳ್ಳಿ.

ಬಳ್ಳಿಯ ಉಪಾಯ ಮಲೆನಾಡಿನದೇ ಎಂದು ನಾನು ಬಹುಕಾಲ ನಂಬಿದ್ದೆ. ಆದರೆ ಇಂಗ್ಲೆಂಡಿನ ಜನರ ಆಟವಿನೋದಗಳ ಕುರಿತು 1801ರಲ್ಲಿ ಪುಸ್ತಕ ಪ್ರಕಟಿಸಿದ ಜೋಸೆಫ್ ಸ್ಟ್ರಟ್, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬೆಳೆಯ ಕಾಲದಲ್ಲಿ ಅಲ್ಲಿಯೂ ಎಲೆ ಕಿತ್ತ ಬಳ್ಳಿಯನ್ನೇ ಹಗ್ಗದ ಬದಲು ಬಳಸುತ್ತಿದ್ದರೆಂದೂ, ತನ್ನ ಮಟ್ಟಿಗೆ ಹಗ್ಗಕ್ಕಿಂತ ಅದೇ ವಾಸಿಯೆಂದೂ ಬರೆದಿದ್ದಾನೆ. ಹಸಿ ಬಳ್ಳಿ ಕಮಾನಿನಂತೆ ಬಾಗಿ ನಿಲ್ಲುತ್ತದೆ, ಕಾಲಿಗೆ ಸುತ್ತಿಕೊಳ್ಳುವುದಿಲ್ಲ. ಅವನ ಮಾತನ್ನು ನಾನೂ ಒಪ್ಪುತ್ತೇನೆ. ಹೆಚ್ಚು ಸಲ ಜಿಗಿದವನೇ ಗೆದ್ದನೆಂದು ಪಂದ್ಯ ಕಟ್ಟುವವರು ಅವನ ಬರಹದಲ್ಲಿ ಹುಡುಗರು. ಇದು ಹುಡುಗಿಯರ ಆಟವೆಂಬ ಹೆಸರು ಗಟ್ಟಿಯಾದದ್ದು ಆಮೇಲೆ.

ನ್ಯೂಯಾರ್ಕಿನ ಬೀದಿಗಳಲ್ಲಿ ಹುಡುಗಿಯರು ಬಟ್ಟೆ ಒಣಹಾಕುವ ಹಗ್ಗಗಳೆರಡನ್ನು ಎದುರುಬದುರಾಗಿ ಬೀಸಿ ನಡುವೆ ಜಿಗಿಯುತ್ತಿದ್ದ 'ಡಬಲ್ ಡಚ್' ಆಟಕ್ಕೆ 1974ರಲ್ಲಿ ಪಂದ್ಯಾವಳಿಯೇ ಏರ್ಪಟ್ಟಿತು. ಅಲ್ಲಿಯೂ ಹಗ್ಗ ಮನೆಗೆಲಸದಿಂದ ಎರವಲು ಬಂದದ್ದೇ.

ಗುಂಪಿನ ಆಟಕ್ಕೆ ಹಗ್ಗ ಉದ್ದವಿದ್ದರೆ ಸಾಲದು, ಭಾರವೂ ಇರಬೇಕು. ನೀರು ಕುಡಿದ ತೆಂಗಿನ ನಾರಿನ ಹಗ್ಗ ನಿಧಾನವಾಗಿ, ತಪ್ಪದ ಲಯದಲ್ಲಿ ಸುತ್ತುವುದರಿಂದ ಹೊರಗೆ ನಿಂತವರಿಗೆ ಒಳಗೆ ನುಗ್ಗುವ ಹೊತ್ತು ತಿಳಿಯುತ್ತದೆ. ತಪ್ಪಿದರೆ ಮೀನಖಂಡದ ಮೇಲೆ ಕೆಂಪು ಬಾಸುಂಡೆ, ಅದರಲ್ಲಿ ಒಂದೆರಡು ನಾರಿನ ಚುಚ್ಚು.

ಆಡಲು ನಮಗೆ ಸಿಗುತ್ತಿದ್ದ ಕಾಲವೂ ಕಡಿಮೆ. ಮಳೆಗಾಲದಲ್ಲಿ ಅಂಗಳವೆಲ್ಲ ಹಾವಸೆ. ಜಗಲಿಯಲ್ಲಿ ಬೀಸಿದರೆ ಹಗ್ಗ ಮಾಡಿನ ತೊಲೆಗೆ ಬಡಿಯುತ್ತಿತ್ತು. ದೀಪಾವಳಿಯ ಹೊತ್ತಿಗೆ ಅಂಗಳ ಸಗಣಿ ಸಾರಿಸಿಕೊಂಡು ಅಡಿಕೆಯ ಪಾಲಾಗುತ್ತಿತ್ತು. ಉಳಿದದ್ದು ಅಡಿಕೆ ಒಳಗೆ ಸೇರಿದ ಮೇಲಿನ ಬೇಸಿಗೆ ಮಾತ್ರ.

ಅಂಥ ಒಂದು ಬೇಸಿಗೆಯಲ್ಲಿ, ನೆಲಕ್ಕೆ ಉಜ್ಜಿ ಉಜ್ಜಿ ನಡುವೆ ಸವೆದಿದ್ದ ಹಗ್ಗ ತುಂಬಿದ ಕೊಡಪಾನದ ಸಮೇತ ತುಂಡಾಯಿತು. ಪಕ್ಕದ ಮನೆಯಿಂದ ಪಾತಾಳಗರಡಿ ತಂದು ಕೊಡಪಾನವನ್ನು ಎತ್ತಿದ್ದಾಯಿತು. ಅಜ್ಜಿ ಬೈಯಲಿಲ್ಲ, ರಾಟೆಗೆ ಹೊಸ ಹಗ್ಗ ಹಾಕಿಸಿ, ಹಳೆಯದರಲ್ಲಿ ಒಬ್ಬರು ಜಿಗಿಯುವಷ್ಟು ಉದ್ದ ಕತ್ತರಿಸಿ ನನ್ನ ಕೈಗಿತ್ತರು.