ಡಬ್ಬಿ ವಾಪಸ್ ಬರುವ ದಾರಿ ಮೊದಲು ಹುಡುಕಿ

ನಮಸ್ಕಾರ ಎಲ್ಲರಿಗೂ. ಈಗ ನಿಮಗೆ ಕಾಣುತ್ತಿರುವುದು ಮುಂಬೈಯ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಿನ ಪಾರ್ಸೆಲ್ ಕೌಂಟರ್. ಮಧ್ಯಾಹ್ನದ ರಶ್. ಅನ್ನಕ್ಕೊಂದು, ಸಾಂಬಾರಿಗೊಂದು, ಪಲ್ಯಕ್ಕೊಂದು ಪ್ಲಾಸ್ಟಿಕ್ ಡಬ್ಬಿ, ಎಲ್ಲದರ ಮೇಲೆ ಒಂದು ಚೀಲ. ಊಟ ಮುಗಿದರೆ ಅದರ ಆಯುಷ್ಯವೂ ಮುಗಿಯಿತು. ಎಣ್ಣೆ, ಅರಿಶಿನ ಹತ್ತಿದ ಡಬ್ಬಿಯನ್ನು ಭಂಗಾರ್‌ವಾಲಾ, ಅಂದರೆ ಗುಜರಿಯವನು ಕೂಡ ಖುಷಿಯಿಂದ ತಗೊಳ್ಳುವುದಿಲ್ಲ.

ಸರ್ಕ್ಯುಲರ್ ಎಕಾನಮಿ, ಅಂದರೆ ವಸ್ತುವನ್ನು ಬಿಸಾಡದೆ ಮತ್ತೆ ಮತ್ತೆ ಬಳಕೆಗೆ ತರುವ ವ್ಯವಸ್ಥೆ ಅಂದ ಕೂಡಲೇ ನಮಗೆ ನೆನಪಾಗುವುದು ಮುಂಬೈಯ ಧಾರಾವಿ, ಅಲ್ವಾ? ಅಲ್ಲಿನ 13ನೇ ಕಂಪೌಂಡ್‌ನಲ್ಲಿ ಪ್ಲಾಸ್ಟಿಕ್ ವಿಂಗಡಿಸುವವರ ಕೆಲಸ ನೋಡಬೇಕು. ಬಣ್ಣ ನೋಡಿ, ಬಗ್ಗಿಸಿ, ಕೆಲವೊಮ್ಮೆ ತುದಿಗೆ ಬೆಂಕಿ ತಾಗಿಸಿ ವಾಸನೆ ನೋಡಿ, ಇದು ಯಾವ ಪ್ಲಾಸ್ಟಿಕ್ ಅಂತ ಹೇಳುತ್ತಾರೆ. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಕರಗಿಸಿ ಮತ್ತೆ ಅಚ್ಚು ಹಾಕಿದಷ್ಟೂ ಪ್ಲಾಸ್ಟಿಕ್‌ನ ಗುಣಮಟ್ಟ ಇಳಿಯುತ್ತಾ ಹೋಗುತ್ತದೆ. ಕರಗಿಸುವುದು ಕೊನೆಯ ದಾರಿ ಆಗಬೇಕು. ಡಬ್ಬಿ ಡಬ್ಬಿಯಾಗಿಯೇ ತಿರುಗಿ ಬಳಕೆಗೆ ಬರಬೇಕು.

ಹಾಗಾದರೆ ಸ್ಟೀಲ್ ಡಬ್ಬಿ ಕೊಟ್ಟರೆ ಆಯ್ತಲ್ವಾ ಅಂತ ಕುಂದಾಪುರ ಕಡೆಯ ಹೋಟೆಲ್ ಮಾಲೀಕರೊಬ್ಬರನ್ನು ಕೇಳಿದೆ. "ಮಾರಾಯ್ರೆ, ಕೊಡುವುದು ದೊಡ್ಡದಲ್ಲ, ವಾಪಸ್ ಯಾರು ತರುತ್ತಾರೆ?" ಅಂದರು. ಇಡೀ ವಿಷಯ ಇರುವುದೇ ಅಲ್ಲಿ.

ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಡಬ್ಬಿಗೆ 6 ರೂಪಾಯಿ, ಸ್ಟೀಲ್ ಡಬ್ಬಿಗೆ 120, ಒಂದು ಸಲ ತೊಳೆಯಲು ಒಂದೂವರೆ. ನೂರು ಸಲ ಕಳಿಸಿದಾಗ 95 ಸಲ ವಾಪಸ್ ಬಂತು ಅನ್ನೋಣ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನೂರು ಸಲಕ್ಕೆ ಐದು ಡಬ್ಬಿ ಕಳೆದರೆ ಒಂದು ಡಬ್ಬಿ ಸರಾಸರಿ 20 ಸಲವಷ್ಟೇ ಓಡುತ್ತದೆ, ತೊಳೆಯುವುದೂ ಸೇರಿ ಪ್ರತಿ ಸಲಕ್ಕೆ ಏಳೂವರೆ ರೂಪಾಯಿ ಬೀಳುತ್ತದೆ, ಅಂದರೆ ಪ್ಲಾಸ್ಟಿಕ್‌ಗಿಂತ ಜಾಸ್ತಿ. 98 ವಾಪಸ್ ಬಂದರೆ? ಸರಾಸರಿ 50 ಸಲ, ಪ್ರತಿ ಸಲಕ್ಕೆ 3 ರೂಪಾಯಿ 90 ಪೈಸೆ. ಮೂರೇ ಮೂರು ಡಬ್ಬಿ ವ್ಯಾಪಾರವನ್ನು ನಷ್ಟದಿಂದ ಲಾಭಕ್ಕೆ ತರುತ್ತವೆ. ಹಾಗಾಗಿ ಹೊಸ ಐಡಿಯಾ ಹಿಡಿದು ಬಂದವರು ಡಬ್ಬಿಯ ಡಿಸೈನ್ ತೋರಿಸಿದರೆ, ವಾಪಸ್ ಬರುವ ದಾರಿ ತೋರಿಸಿ ಅಂತ ನಾನು ಕೇಳುತ್ತೇನೆ.

120 ರೂಪಾಯಿ ಡೆಪಾಸಿಟ್ ಇಟ್ಟುಕೊಂಡರೆ ಕಳೆದ ಡಬ್ಬಿಯ ನಷ್ಟ ಹೋಟೆಲಿಗೆ ಇಲ್ಲ, ನಿಜ. ಆದರೆ 150 ರೂಪಾಯಿ ಊಟಕ್ಕೆ ಮೇಲೆ 120 ಕೊಡಿ ಅಂದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾರೆ.

ಇದೇ ಹೋಟೆಲಿನ ಅಡುಗೆಮನೆ ಒಳಗೆ ಬನ್ನಿ. ನೀಲಿ ಬಣ್ಣದ 19 ಕೆಜಿ ಗ್ಯಾಸ್ ಸಿಲಿಂಡರ್ ನೋಡಿ. ಅದು ಹೋಟೆಲಿನದ್ದಲ್ಲ, ಗ್ಯಾಸ್ ಕಂಪನಿಯದ್ದು. ಡೆಪಾಸಿಟ್ ಒಂದೇ ಸಲ, ಆಮೇಲೆ ದುಡ್ಡು ಒಳಗಿನ ಗ್ಯಾಸಿಗೆ ಮಾತ್ರ. ಖಾಲಿ ಕೊಟ್ಟರೆ ತುಂಬಿದ್ದು ಸಿಗುತ್ತದೆ. ತಂದುಕೊಟ್ಟ ಗಾಡಿಯೇ ಖಾಲಿಯನ್ನು ಒಯ್ಯುತ್ತದೆ. ವಾಪಸ್ ಬರುವುದು ಗಿರಾಕಿಯ ಒಳ್ಳೆಯತನದ ಮೇಲೆ ನಿಂತಿಲ್ಲ, ವ್ಯವಹಾರವೇ ಹಾಗಿದೆ. ವಸ್ತುವಿನ ಹೊಣೆ ತಯಾರಿಸಿದವರ ಮೇಲೇ ಉಳಿಯುವುದು ಬೇರೆ ಕಡೆಯೂ ಇದೆ: ವಿಮಾನದ ಎಂಜಿನ್ ಮಾರಿ ಕೈತೊಳೆದುಕೊಳ್ಳದೆ, ಅದು ಓಡಿದ ಗಂಟೆಗೆ ಇಷ್ಟು ಅಂತ ದುಡ್ಡು ಪಡೆಯುವ ಪದ್ಧತಿ ಬ್ರಿಟನ್‌ನಲ್ಲಿ 1962ರಲ್ಲೇ ಶುರುವಾಯಿತು. ಎಂಜಿನ್ ಕೆಟ್ಟರೆ ನಷ್ಟ ತಯಾರಿಸಿದವರಿಗೇ, ಅದಕ್ಕೆ ಬಾಳಿಕೆ ಬರುವ ಹಾಗೆ ಮಾಡುತ್ತಾರೆ.

ಮನೆಯ ಊಟವನ್ನು ಆಫೀಸಿಗೆ ತಲುಪಿಸುವ ನಮ್ಮ ಡಬ್ಬಾವಾಲಾಗಳಂತೂ ಡಬ್ಬ ವಾಪಸ್ ಬರುವ ದಾರಿಯನ್ನು 1890ರಿಂದ ಈ ಊರಿಗೆ ತೋರಿಸಿಕೊಡುತ್ತಿದ್ದಾರೆ. ಮಧ್ಯಾಹ್ನ ತುಂಬಿದ ಡಬ್ಬ ಆಫೀಸಿಗೆ, ಸಂಜೆಯೊಳಗೆ ಖಾಲಿ ಡಬ್ಬ ಮನೆಗೆ. ವಾಪಸ್ ಪ್ರಯಾಣದ ಕೂಲಿ ತಿಂಗಳ ದುಡ್ಡಿನಲ್ಲೇ ಸೇರಿದೆ.

ಹಾಗಾಗಿ ಆ ಮಾಲೀಕರಿಗೆ ನಾನು ಹೇಳಿದ್ದು ಇಷ್ಟು: ದಾರಿಹೋಕರ ಪಾರ್ಸೆಲ್ ಸದ್ಯಕ್ಕೆ ಬಿಡಿ. ತಿಂಗಳ ಊಟ ಹಾಕಿಸಿಕೊಂಡವರಿಂದ ಶುರು ಮಾಡಿ. ಅವರ ವಿಳಾಸ ಗೊತ್ತು, ಹುಡುಗ ದಿನಾ ಹೋಗುತ್ತಾನೆ, ಇವತ್ತಿನದ್ದು ಕೊಟ್ಟು ನಿನ್ನೆಯದ್ದು ತರುತ್ತಾನೆ. ಡೆಪಾಸಿಟ್ ಮೊದಲ ತಿಂಗಳು ಒಂದು ಸಲ ಸಾಕು.

ಇನ್ನೊಂದು ಮಾತು. ನಮ್ಮ ಹೋಟೆಲುಗಳಲ್ಲಿ ಲೋಟ, ತಟ್ಟೆ ಮೇಲೆಲ್ಲ ಹೋಟೆಲಿನ ಹೆಸರು ಕೊರೆಸುವುದು ರೂಢಿ. ಈ ಡಬ್ಬಿಗೆ ಅದು ಬೇಡ. ಜರ್ಮನಿಯಲ್ಲಿ ಮಿನರಲ್ ವಾಟರ್ ಕಂಪನಿಗಳು 1969ರಲ್ಲಿ ಎಲ್ಲರಿಗೂ ಒಂದೇ ನಮೂನೆಯ ಗಾಜಿನ ಬಾಟಲಿ ತಂದವು. ಪೈಪೋಟಿಯ ಕಂಪನಿಗಳೇ, ಆದರೂ ಯಾರ ಖಾಲಿ ಬಾಟಲಿ ಯಾರ ಬಳಿ ಬಂದರೂ ತೊಳೆದು, ಲೇಬಲ್ ಬದಲಿಸಿ ತುಂಬಿದರು. ಮಾಟುಂಗಾದ ನಾಲ್ಕು ಹೋಟೆಲುಗಳು ಒಂದೇ ಅಳತೆಯ ಡಬ್ಬಿ ಇಟ್ಟುಕೊಂಡರೆ ಗಿರಾಕಿ ಇಲ್ಲಿ ತಗೊಂಡು ಅಲ್ಲಿ ಕೊಡಬಹುದು, ಆಗ ದಾರಿಹೋಕರಿಗೂ ಕೊಡುವ ಧೈರ್ಯ ಬರುತ್ತದೆ. ಡಬ್ಬಿ ತಳದಲ್ಲಿ ಒಂದು ನಂಬರ್ ಇದ್ದರೆ ಸಾಕು. ತಿಂಗಳ ಕೊನೆಗೆ ಯಾರ ಬಳಿ ಎಷ್ಟು ಜಾಸ್ತಿ ಸೇರಿದೆ ಅಂತ ನೋಡಿ, ನಾಲ್ವರೂ ಕೂತು ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು.