ಒಡೆದರೂ ಶಕ್ತಿ, ಕೂಡಿದರೂ ಶಕ್ತಿ: ಇದೆಂಥ ಲೆಕ್ಕ?

ಎಲ್ಲರಿಗೂ ನಮಸ್ಕಾರ.

ಪರಮಾಣು ಶಕ್ತಿಯ ಬಗ್ಗೆ ಮಾತಾಡಲು ನಿಂತರೆ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಾರೆ. ಯುರೇನಿಯಂ ಒಡೆದರೆ ಶಕ್ತಿ ಬರುತ್ತದೆ ಅನ್ನುತ್ತೀರಿ, ಹೈಡ್ರೋಜನ್ ಕೂಡಿಸಿದರೂ ಬರುತ್ತದೆ ಅನ್ನುತ್ತೀರಿ. ಹಾಗಾದರೆ ಕೂಡಿಸುತ್ತಾ, ಒಡೆಯುತ್ತಾ ಕೂತರೆ ಶಕ್ತಿಗೆ ಬರವೇ ಇಲ್ಲ, ಅಲ್ವಾ?

ಒಳ್ಳೆಯ ಪ್ರಶ್ನೆ. ಇಡೀ ವಿಷಯ ಇದರಲ್ಲೇ ಇದೆ.

ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಒತ್ತೊತ್ತಾಗಿ ಕೂತಿವೆ. ಅಲ್ಲಿ ಎರಡು ಬಲಗಳ ಜಗ್ಗಾಟ ನಡೆಯುತ್ತದೆ. ಒಂದು ಅಂಟಿಸುವ ಬಲ. ಭಾರೀ ಜೋರು, ಆದರೆ ಕೈ ಮೋಟು. ಪಕ್ಕದಲ್ಲಿರುವವು ಮಾತ್ರ ಅದಕ್ಕೆ ಎಟುಕುತ್ತವೆ. ಇನ್ನೊಂದು, ಪ್ರೋಟಾನುಗಳು ಒಂದನ್ನೊಂದು ದೂಡುವ ವಿದ್ಯುತ್ ಬಲ. ಇದು ಅಷ್ಟು ಜೋರಲ್ಲ. ಆದರೆ ಈ ತುದಿಯ ಪ್ರೋಟಾನು ಆ ತುದಿಯದನ್ನೂ ದೂಡುತ್ತದೆ.

ಚಿಕ್ಕ ನ್ಯೂಕ್ಲಿಯಸ್‌ಗಳು ಕೂಡಿದರೆ ಅಂಟಿಕೊಳ್ಳಲು ನೆರೆಹೊರೆ ಜಾಸ್ತಿಯಾಗುತ್ತದೆ. ಲಾಭ. ಇದು ಸಮ್ಮಿಲನ. ಯುರೇನಿಯಂ ಕಥೆ ಬೇರೆ. ಅದರ 92 ಪ್ರೋಟಾನುಗಳು ಒಂದನ್ನೊಂದು ದೂಡುತ್ತಲೇ ಇರುತ್ತವೆ. ಪಾಲಾಗಿ ಬೇರೆಯಾದರೇ ಲಾಭ. ಇದು ವಿದಳನ. ನಡುವೆ, ಕಬ್ಬಿಣ ಮತ್ತು ನಿಕ್ಕಲ್ ಹತ್ತಿರ, ಎಲ್ಲಕ್ಕಿಂತ ಬಿಗಿಯಾದ ನ್ಯೂಕ್ಲಿಯಸ್‌ಗಳಿವೆ. ಚಿಕ್ಕವು ಕೂಡಿ, ದೊಡ್ಡವು ಒಡೆದು ಅತ್ತಲೇ ಇಳಿದಾಗ ಶಕ್ತಿ ಹೊರಬರುತ್ತದೆ. ಇಳಿಜಾರು ಎರಡು, ತಗ್ಗು ಒಂದೇ. ಇಳಿದದ್ದನ್ನು ಮತ್ತೆ ಹತ್ತಿಸಬೇಕಾದರೆ ಸಿಕ್ಕ ಶಕ್ತಿಯನ್ನೆಲ್ಲ ವಾಪಸ್ ಕೊಡಬೇಕು. ಆ ಆಟ ನಡೆಯದಿರುವುದು ಅದಕ್ಕೇ.

ವಿದಳನದ ಲೆಕ್ಕ ಮೊದಲು ಕೂಡಿಬಂದದ್ದು ಹಿಮದ ನಡುವೆ. 1938ರ ಡಿಸೆಂಬರ್. ಬರ್ಲಿನ್‌ನಲ್ಲಿ ರಸಾಯನ ವಿಜ್ಞಾನಿಗಳಾದ ಒಟ್ಟೊ ಹಾನ್, ಫ್ರಿಟ್ಜ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನು ಹೊಡೆದು ನೋಡಿದರೆ ಬೇರಿಯಂ ಸಿಕ್ಕಿತು. ಬೇರಿಯಂನಲ್ಲಿರುವುದು 56 ಪ್ರೋಟಾನು. ಇಷ್ಟು ಚಿಕ್ಕದು ಎಲ್ಲಿಂದ ಬಂತು? ಹಾನ್ ಬರೆದ ಕಾಗದ ಭೌತ ವಿಜ್ಞಾನಿ ಲೀಸ ಮೈಟ್ನರ್ ಕೈ ಸೇರಿತು. ಯಹೂದಿ ಮೂಲದ ಆಕೆ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್‌ನಲ್ಲಿದ್ದರು. ಅಕ್ಕನ ಮಗ ಒಟ್ಟೊ ಫ್ರಿಶ್ ಜೊತೆ ವಾಕಿಂಗ್ ಹೋದವರು ಒಂದು ಮರದ ದಿಮ್ಮಿಯ ಮೇಲೆ ಕೂತು ಚೀಟಿಯಲ್ಲಿ ಲೆಕ್ಕ ಹಾಕಿದರು. ಒಡೆದ ಎರಡು ಚೂರು ಒಂದನ್ನೊಂದು ದೂಡಿದರೆ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ) ಶಕ್ತಿ ಬರಬೇಕು. ಅದು ಎಲ್ಲಿಂದ? ಚೂರುಗಳ ತೂಕ ಕೂಡಿಸಿದರೆ ಮೊದಲಿದ್ದದ್ದಕ್ಕಿಂತ ಒಂದು ಪ್ರೋಟಾನಿನ ಐದನೇ ಒಂದು ಪಾಲು ಕಮ್ಮಿ. ಕಳೆದ ತೂಕ ಎಷ್ಟು ಶಕ್ತಿಯಾಗುತ್ತದೆ ಎಂದು ಹೇಳುವ ಐನ್‌ಸ್ಟೈನ್ ಸೂತ್ರಕ್ಕೆ ಹಾಕಿದರೆ ಅದೇ 20 ಕೋಟಿ! ಇದ್ದಿಲು ಉರಿದಾಗ ಒಂದು ಕಾರ್ಬನ್ ಪರಮಾಣು ಕೊಡುವುದು ಬರೀ ನಾಲ್ಕು ಎಲೆಕ್ಟ್ರಾನ್ ವೋಲ್ಟ್. 1944ರ ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಹೋಯಿತು. ನನಗಂತೂ ಇವತ್ತಿಗೂ ಅದು ಸರಿ ಕಾಣುವುದಿಲ್ಲ.

ಒಂದು ಯುರೇನಿಯಂ ಒಡೆದಾಗ ಎರಡೋ ಮೂರೋ ನ್ಯೂಟ್ರಾನು ಹೊರಬರುತ್ತವೆ, ಅವು ಇನ್ನಷ್ಟನ್ನು ಒಡೆಯುತ್ತವೆ. ಈ ಸರಪಳಿ ನಿಮಗೆ ಗೊತ್ತೇ ಇದೆ. ಜಾಸ್ತಿ ಜನ ಕೇಳಿರದ ಸಂಗತಿ ಬೇರೆ. ಸಾವಿರದಲ್ಲಿ ಆರೇಳು ನ್ಯೂಟ್ರಾನು ತಡವಾಗಿ ಬರುತ್ತವೆ, ಕೆಲವು ಸೆಕೆಂಡುಗಟ್ಟಲೆ ತಡ. ರಿಯಾಕ್ಟರ್ ನಮ್ಮ ಹಿಡಿತದಲ್ಲಿರುವುದು ಈ ತಡದವರ ದಯೆಯಿಂದ. ಎಲ್ಲವೂ ತಕ್ಷಣ ಬಂದಿದ್ದರೆ ನ್ಯೂಟ್ರಾನುಗಳನ್ನು ಹೀರುವ ಕಂಟ್ರೋಲ್ ರಾಡ್ ಇಳಿಸಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ಇನ್ನು ಸಮ್ಮಿಲನ. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆದಾಗ ನೂರಕ್ಕೆ 0.7 ಪಾಲು ತೂಕ ಕಳೆಯುತ್ತದೆ. ಸೂರ್ಯ ಹೀಗೆ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ಕಳೆದುಕೊಳ್ಳುತ್ತಿದ್ದಾನೆ. ಆದರೂ ಆತ ಬಲು ನಿಧಾನಿ. ಅವನ ನಟ್ಟನಡುವೆ ಒಂದು ಘನ ಮೀಟರ್ ಜಾಗದಲ್ಲಿ ಹುಟ್ಟುವುದು 300 ವ್ಯಾಟ್ ಒಳಗೇ. ಅಳತೆಗೆ ಅಳತೆ ಇಟ್ಟರೆ ಇಲ್ಲಿ ಸುಮ್ನೆ ಕೂತಿರುವ ನಿಮ್ಮ ಮೈಯೇ ಜಾಸ್ತಿ ಶಾಖ ಕೊಡುತ್ತಿದೆ. ಸೂರ್ಯನ ಬಂಡವಾಳ ಅವನ ಗಾತ್ರ.

ನಮಗೆ ಆ ಗಾತ್ರವಿಲ್ಲ, ಆ ಒತ್ತಡವೂ ಇಲ್ಲ. ಹಾಗಾಗಿ ಬಿಸಿ ಏರಿಸಬೇಕು. ಸೂರ್ಯನ ನಡುವೆ ಒಂದೂವರೆ ಕೋಟಿ ಡಿಗ್ರಿ ಇದ್ದರೆ ಟೋಕಮ್ಯಾಕ್ ಎಂಬ ಸಮ್ಮಿಲನ ಯಂತ್ರಗಳಲ್ಲಿ ಹತ್ತು ಕೋಟಿ ದಾಟಬೇಕು. ಅಷ್ಟು ಬಿಸಿಯದನ್ನು ಪಾತ್ರೆಯ ಗೋಡೆಗೆ ತಾಗದಂತೆ ಕಾಂತಬಲದಲ್ಲಿ ಹಿಡಿದಿಡಬೇಕು. ಲೇಸರ್ ದಾರಿಯೂ ಇದೆ. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದಲ್ಲಿ ಹೈಡ್ರೋಜನ್ ಇಂಧನದ ಕಡೆ 2.05 ಮೆಗಾಜೌಲ್ ಲೇಸರ್ ಬೆಳಕು ಹಾಯಿಸಿ, ಸಮ್ಮಿಲನದಿಂದ 3.15 ಮೆಗಾಜೌಲ್ ಶಕ್ತಿ ಪಡೆದರು. ಜಗತ್ತೆಲ್ಲ ಸುದ್ದಿಯಾಯಿತು, ಆಗಬೇಕಾದ್ದೇ. ಆದರೆ ಆ ಲೇಸರುಗಳನ್ನು ಹಚ್ಚಲು ಕರೆಂಟಿನ ಲೈನಿನಿಂದ ಎಳೆದದ್ದು ಸುಮಾರು 300 ಮೆಗಾಜೌಲ್.